ಬೀದರ್‌ನ ಹಳೆಯ ಪೇಟೆಯನ್ನು ನಡೆದು ನೋಡುವುದು ಹೇಗೆ: ಫತೇ ದರವಾಜಾದಿಂದ ಕೋಟೆಯವರೆಗೆ

ಬೀದರ್‌ಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಒಂದು ದಿನ ಸಾಕೇ? ಕಾರು ಬೇಕೇ? ಮಾರ್ಗದರ್ಶಿ ಸಿಗುತ್ತಾರೆಯೇ? ಯಾವುದನ್ನು ಮೊದಲು ನೋಡಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ಹೈದರಾಬಾದ್ ಅಥವಾ ಕಲಬುರಗಿಯಿಂದ ಬರುವ ಹೆಚ್ಚಿನವರು ಕೋಟೆಯ ಬಾಗಿಲಲ್ಲೇ ಕಾರು ನಿಲ್ಲಿಸುತ್ತಾರೆ. ಒಂದು ಸುತ್ತು ಹಾಕಿ, ಮದರಸಾದ ಮುಂದೆ ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಹೀಗೆ ನೋಡಿದವರಿಗೆ ನಾಲ್ಕೈದು ಕಟ್ಟಡ ಸಿಗುತ್ತವೆ, ಊರು ಸಿಗುವುದಿಲ್ಲ. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು 15ನೇ ಶತಮಾನದ ಮೊದಲ ಭಾಗದಲ್ಲಿ. ಕೋಟೆಯ ಜೊತೆಗೆ ಅದರ ದಕ್ಷಿಣಕ್ಕೆ ಗೋಡೆ, ಕಂದಕ, ಬಾಗಿಲುಗಳಿರುವ ಪೇಟೆಯೂ ಬೆಳೆಯಿತು. ಆ ಪೇಟೆಯಲ್ಲಿ ಇಂದಿಗೂ ಜನ ವಾಸವಿದ್ದಾರೆ. ಅದರ ಬೀದಿಗಳು ಅಂದಿನ ಜಾಡಿನಲ್ಲೇ ಇವೆ. ಅದಕ್ಕಾಗಿ ನನ್ನ ಸಲಹೆ ಒಂದೇ: ಪೇಟೆಯ ದಕ್ಷಿಣದ ಬಾಗಿಲಾದ ಫತೇ ದರವಾಜಾದಿಂದ ಆರಂಭಿಸಿ, ಉತ್ತರಕ್ಕೆ ನಡೆಯುತ್ತಾ ಕೋಟೆಯನ್ನು ಕೊನೆಗೆ ತಲುಪಿ. ಅಂದು ದೂರದಿಂದ ಬಂದ ವ್ಯಾಪಾರಿಯೋ ರಾಯಭಾರಿಯೋ ಅರಮನೆಯನ್ನು ಹೀಗೆಯೇ ಸಮೀಪಿಸುತ್ತಿದ್ದ. ಬಾಗಿಲು ದಾಟಿ, ಅಂಗಡಿ ಸಾಲು ದಾಟಿ, ವಿದ್ಯಾಲಯ ದಾಟಿ ಬಂದವನಿಗೆ ಕೊನೆಗೆ ಕಂದಕ ಕಾಣುತ್ತಿತ್ತು.

ಹೊರಡುವ ಮುನ್ನ

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬನ್ನಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ಎಷ್ಟು ಪ್ರಖರವೆಂದರೆ ಹತ್ತು ಗಂಟೆಯ ಮೇಲೆ ಕೋಟೆಯ ಬಯಲಲ್ಲಿ ನಡೆಯುವುದು ಶಿಕ್ಷೆಯಾಗುತ್ತದೆ. ಹಿಂದಿನ ಸಂಜೆಯೇ ಬಂದು ಉಳಿದುಕೊಳ್ಳುವುದು ಒಳ್ಳೆಯದು. ಹೈದರಾಬಾದ್‌ನಿಂದ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 110. ಬೆಳಿಗ್ಗೆ ಹೊರಟು ಬಂದರೆ ನಡಿಗೆಗೆ ಬೇಕಾದ ತಂಪು ಹೊತ್ತು ದಾರಿಯಲ್ಲೇ ಕಳೆದುಹೋಗುತ್ತದೆ.

ಹಿಡಿತವಿರುವ ಅಟ್ಟೆಯ ಚಪ್ಪಲಿ ಅಥವಾ ಬೂಟು, ತಲೆಗೆ ಬಟ್ಟೆ ಅಥವಾ ಟೋಪಿ, ತಲಾ ಎರಡು ಲೀಟರ್ ನೀರು, ಒಂದು ಚಿಕ್ಕ ಟಾರ್ಚ್, ಚಿಲ್ಲರೆ ಹಣ ಇರಲಿ. ಮಸೀದಿ ಮತ್ತು ಗೋರಿಗಳಲ್ಲಿ ಚಪ್ಪಲಿ ಬಿಡಬೇಕಾಗುತ್ತದೆ, ತಲೆ ಮುಚ್ಚಿಕೊಳ್ಳಬೇಕಾಗುತ್ತದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿಡುವುದು ಕಷ್ಟ, ಆದ್ದರಿಂದ ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಪೇಟೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಕನ್ನಡದಲ್ಲೇ ಮಾತು ಆರಂಭಿಸಿ, ಸಂಕೋಚ ಬೇಡ.

ಒಂದು ಎಚ್ಚರಿಕೆ: ಡ್ರೋನ್ ತರಬೇಡಿ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಸ್ಮಾರಕಗಳ ನಿಯಮದ ಜೊತೆಗೆ ಇದೂ ಸೇರಿ, ಹಾರಿಸಲು ಹೋದವರು ಪೊಲೀಸರಿಗೆ ಉತ್ತರ ಹೇಳಬೇಕಾಗುತ್ತದೆ.

ಮಾರ್ಗದರ್ಶಿಯನ್ನು ಆರಿಸುವುದು

ಮಾರ್ಗದರ್ಶಿ ಇಲ್ಲದೆಯೂ ಈ ದಾರಿಯಲ್ಲಿ ನಡೆಯಬಹುದು. ಆದರೆ ಓಣಿಗಳೊಳಗೆ ಹೋಗಲು ಊರಿನವರೊಬ್ಬರು ಜೊತೆಗಿದ್ದರೆ ಬಾಗಿಲುಗಳು ತೆರೆಯುತ್ತವೆ. ಕೋಟೆಯ ಬಾಗಿಲಲ್ಲಿ ಸಿಗುವವರು ಸಾಮಾನ್ಯವಾಗಿ ಕೋಟೆಯೊಳಗಷ್ಟೇ ತೋರಿಸುತ್ತಾರೆ. ಆದ್ದರಿಂದ ಹಿಂದಿನ ದಿನವೇ ಮಾತಾಡಿ, ಮೂರು ವಿಷಯ ಸ್ಪಷ್ಟಪಡಿಸಿಕೊಳ್ಳಿ: ನಡಿಗೆ ಫತೇ ದರವಾಜಾದಿಂದಲೇ ಶುರುವಾಗಬೇಕು, ಕನಿಷ್ಠ ಆರು ಗಂಟೆ ಜೊತೆಗಿರಬೇಕು, ಒಟ್ಟು ಹಣ ಎಷ್ಟು. "ನೀವು ಕೊಟ್ಟಷ್ಟು ಕೊಡಿ" ಎಂಬ ಮಾತಿಗೆ ಒಪ್ಪಬೇಡಿ. ಕೊನೆಗೆ ಇಬ್ಬರಿಗೂ ಮುಜುಗರವಾಗುತ್ತದೆ.

ಒಳ್ಳೆಯ ಮಾರ್ಗದರ್ಶಿಯನ್ನು ಗುರುತಿಸಲು ನಾನು ಬಳಸುವ ಪರೀಕ್ಷೆಯೊಂದಿದೆ. ತಾಲೀಮುಗಳು, ಅಂದರೆ ಕೇರಿಯ ಗರಡಿಮನೆಗಳು, ಎಲ್ಲಿವೆ ಎಂದು ಕೇಳಿ. ಉತ್ತರ ಥಟ್ಟನೆ ಬಂದರೆ ಅವರು ಪೇಟೆಯನ್ನು ಬಲ್ಲವರು. ಕೋಟೆಯಿಂದ ದೂರದೂರಿಗೆ ಸುರಂಗವಿದೆ, ರಾಣಿಯ ನಿಧಿಯಿದೆ ಎಂಬಲ್ಲಿಂದಲೇ ಕಥೆ ಆರಂಭವಾದರೆ ಬೇರೆಯವರನ್ನು ಹುಡುಕಿ. ಈ ಊರಿನ ನಿಜವಾದ ಕಥೆಗಳೇ ಬೇಕಾದಷ್ಟಿವೆ.

ಹಂತ 1: ಫತೇ ದರವಾಜಾ, ಬೆಳಿಗ್ಗೆ ಆರೂವರೆ

ದರವಾಜಾ ಎಂದರೆ ಬಾಗಿಲು, ಫತೇ ಎಂದರೆ ಗೆಲುವು. ಪೇಟೆಯ ಗೋಡೆಗೆ ಇಂತಹ ಐದು ಬಾಗಿಲುಗಳು: ಫತೇ, ಶಾಗಂಜ್, ಮಂಗಲಪೇಟೆ, ದುಲ್ಹನ್, ತಲ್‌ಘಾಟ್. ಆಟೋದವರಿಗೆ "ಫತೇ ದರವಾಜಾ" ಎಂದರೆ ಸಾಕು.

ಕಮಾನಿನ ಕೆಳಗೆ ಐದು ನಿಮಿಷ ನಿಂತು ಗೋಡೆಯ ಕಲ್ಲನ್ನು ನೋಡಿ. ಕೆಂಪಗೆ, ರಂಧ್ರ ರಂಧ್ರವಾಗಿರುವ ಇದು ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ಬೀದರ್ ನಿಂತಿರುವುದು ಇದೇ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ನೆಲದಿಂದ ಬಿಡಿಸುವಾಗ ಮೆದುವಾಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವುದು ಇದರ ಗುಣ. ಇಡೀ ಊರು ತಾನು ನಿಂತ ನೆಲವನ್ನೇ ಕಡಿದು ಕಟ್ಟಿಕೊಂಡದ್ದು. ಈ ಕಲ್ಲಿನಲ್ಲಿ ಹಳೇಬೀಡಿನಂತೆ ನಯವಾದ ಕೆತ್ತನೆ ಮಾಡಲಾಗದು. ಆದ್ದರಿಂದಲೇ ಇಲ್ಲಿಯ ಅಲಂಕಾರವೆಲ್ಲ ಗಾರೆ, ಬಣ್ಣದ ಹೆಂಚು, ಮರ ಮತ್ತು ಕಪ್ಪುಶಿಲೆಯಲ್ಲಿದೆ. ಇದೊಂದು ನೆನಪಿದ್ದರೆ ಮುಂದೆ ಕಾಣುವ ಪ್ರತಿಯೊಂದು ಕಟ್ಟಡವೂ ಅರ್ಥವಾಗುತ್ತದೆ.

ಎಚ್ಚರಿಕೆ: ಬಾಗಿಲಿನ ಮೂಲಕ ವಾಹನಗಳು ಓಡಾಡುತ್ತವೆ. ಏಳೂವರೆಯ ಮೇಲೆ ಶಾಲಾ ಆಟೋಗಳ ಸಾಲು ಶುರುವಾದರೆ ಕಮಾನಿನ ಕೆಳಗೆ ನಿಲ್ಲುವುದೇ ಅಪಾಯ. ಬೇಗ ಬರಲು ಹೇಳಿದ್ದು ಇದಕ್ಕೇ.

ಹಂತ 2: ಚೌಬಾರಾ ಮತ್ತು ನಾಲ್ಕು ತಾಲೀಮುಗಳು

ಬಾಗಿಲಿನಿಂದ ನೇರ ಉತ್ತರಕ್ಕೆ ನಡೆದರೆ ರಸ್ತೆಗಳು ಕೂಡುವಲ್ಲಿ ಒಂದು ದುಂಡನೆಯ ಗೋಪುರ ಎದುರಾಗುತ್ತದೆ. ಅದೇ ಚೌಬಾರಾ. ಎತ್ತರ 71 ಅಡಿ. ಕಾವಲಿಗೆ ಕಟ್ಟಿದ್ದು, ಮೇಲೆ ನಿಂತವನಿಗೆ ಪೇಟೆ, ಕೋಟೆ, ಸುತ್ತಲಿನ ಬಯಲು ಒಂದೇ ನೋಟದಲ್ಲಿ ಸಿಗುತ್ತಿದ್ದವು. ಒಳಗೆ ಸುತ್ತುಮೆಟ್ಟಿಲಿದೆ. ಆದರೆ ಹತ್ತಲು ಬಿಡುತ್ತಾರೆ ಎಂದು ನಂಬಿಕೊಂಡು ಬರಬೇಡಿ.

ಇಲ್ಲಿ ನಿಂತರೆ ಪೇಟೆಯ ನಕ್ಷೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಗೋಪುರದಿಂದ ನಾಲ್ಕು ದಿಕ್ಕಿಗೆ ಹೊರಡುವ ರಸ್ತೆಗಳು ಊರನ್ನು ನಾಲ್ಕು ಭಾಗ ಮಾಡುತ್ತವೆ. ಒಂದೊಂದು ಭಾಗಕ್ಕೂ ಒಂದೊಂದು ತಾಲೀಮು. ನಮ್ಮ ಭಾಷೆಯಲ್ಲಿ ಗರಡಿಮನೆ ಎಂದಂತೆ: ಯುವಕರು ಸಾಮು ಮಾಡುವ, ಕೇರಿಯ ಜನ ಕೂಡುವ ಜಾಗ. ಸಿದ್ದೀಕ್ ಶಾ, ನೂರ್ ಖಾನ್, ಮನ್ಹಿಯಾರ್, ಪನ್ಸಾಲ್ ಎಂಬವು ಅವುಗಳ ಹೆಸರು. ಮನ್ಹಿಯಾರ್ ಎಂದರೆ ಬಳೆಗಾರರು. ಇಂದಿಗೂ ವಿಳಾಸ ಹೇಳುವಾಗ ಈ ಹೆಸರುಗಳೇ ಬಳಕೆಯಲ್ಲಿವೆ. ಅರಸರ ಹೆಸರು ಕಲ್ಲಿನಲ್ಲಿ ಉಳಿದಿದ್ದರೆ ಕೇರಿಗಳ ಹೆಸರು ನಾಲಿಗೆಯ ಮೇಲೆ ಉಳಿದಿದೆ. ನನಗೆ ಇದು ಕೋಟೆಯಷ್ಟೇ ದೊಡ್ಡ ಸ್ಮಾರಕ.

ಚೌಬಾರಾದಿಂದ ಯಾವುದಾದರೂ ಒಂದು ಓಣಿಗೆ ಅರ್ಧ ಗಂಟೆ ಹೋಗಿಬನ್ನಿ. ಎಲ್ಲ ನಾಲ್ಕನ್ನೂ ಸುತ್ತುವ ಆಸೆ ಬೇಡ, ಒಂದೇ ಸಾಕು. ಎತ್ತರದ ಕಟ್ಟೆ, ಮರದ ಬಾಗಿಲವಾಡ, ಕಮಾನಿನ ಹಿಂದೆ ಒಳಾಂಗಳ ಇರುವ ಹಳೆಯ ಮನೆಗಳು ಇನ್ನೂ ಉಳಿದಿವೆ. ಪ್ರತಿ ಸಲ ಬಂದಾಗಲೂ ಒಂದಿಷ್ಟು ಕಡಿಮೆಯಾಗಿರುವುದನ್ನು ಕಂಡಿದ್ದೇನೆ. ಖಾನ್ಖಾ ಎಂಬ ಮಾತು ಕಿವಿಗೆ ಬಿದ್ದರೆ ಅದು ಸೂಫಿ ಸಂತರ ಮಠ ಎಂದು ತಿಳಿಯಿರಿ. ಬಹಮನಿ ಅರಸರು ಇರಾನಿನಿಂದ ಸಂತ ಮನೆತನವನ್ನು ಕರೆಸಿಕೊಂಡವರು, ಅದರ ಕುರುಹು ಈ ಪೇಟೆಯಲ್ಲಿ ಹಲವೆಡೆ ಇದೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಕೇಳದೆ ಚಿತ್ರ ತೆಗೆಯುವುದು. ಇದು ಜನ ಬದುಕುವ ಜಾಗ. ತೆರೆದ ಬಾಗಿಲ ಮೂಲಕ ಕಾಣುವ ಅಂಗಳ ಒಬ್ಬರ ಮನೆ. ಹಿರಿಯರಿದ್ದರೆ "ಚಾಚಾ, ನೋಡಬಹುದೇ?" ಎಂದು ಕೇಳಿ. ಬೇಡವೆಂದರೆ ನಮಸ್ಕರಿಸಿ ಮುಂದೆ ನಡೆಯಿರಿ. ನಾನು ಕೇಳಿದಾಗಲೆಲ್ಲ ಹೆಚ್ಚಿನವರು ಕರೆದು ಕೂರಿಸಿದ್ದಾರೆ, ಚಹಾ ಕೊಟ್ಟಿದ್ದಾರೆ.

ಹಂತ 3: ಮಹಮೂದ್ ಗವಾನ್ ಮದರಸಾ, ಎಂಟೂವರೆಯೊಳಗೆ

ಚೌಬಾರಾದಿಂದ ಉತ್ತರಕ್ಕೆ ಹತ್ತು ನಿಮಿಷದ ನಡಿಗೆ. ಮದರಸಾ ಎಂದರೆ ಇಲ್ಲಿ ವಸತಿ ಸಹಿತ ಉನ್ನತ ವಿದ್ಯಾಲಯ. ಕಟ್ಟಡದ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರವಾಗಿ ಗೋಡೆಯ ನೀಲಿ ಹೆಂಚುಗಳ ಮೇಲೆ ಬೀಳುವ ಹೊತ್ತಿಗೆ ಬರಬೇಕು. ಮಧ್ಯಾಹ್ನ ಬಂದವರು ಅದೇ ನೀಲಿಯನ್ನು ಮಂಕಾಗಿ ಕಂಡು ಹೋಗುತ್ತಾರೆ. ಇಡೀ ನಡಿಗೆಯ ಸಮಯವನ್ನು ಈ ಒಂದು ಗೋಡೆಗಾಗಿಯೇ ಹೊಂದಿಸಿದ್ದೇನೆ ಎಂದರೂ ತಪ್ಪಿಲ್ಲ.

ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದವನು. ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ. 1472ರಲ್ಲಿ ಈ ವಿದ್ಯಾಲಯ ಪೂರ್ಣಗೊಂಡಿತು. ಮೂರು ಅಂತಸ್ತು, ನಡುವೆ ಅಂಗಳ, ಅಂಗಳದ ನಾಲ್ಕೂ ಬದಿಯ ಮಧ್ಯದಲ್ಲಿ ಎತ್ತರದ ಸಭಾಂಗಣ. ಇದು ಇರಾನಿನ ವಿನ್ಯಾಸ. ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಒಂಬತ್ತು ವರ್ಷಗಳ ಬಳಿಕ, 1481ರಲ್ಲಿ, ಆಸ್ಥಾನದ ವಿರೋಧಿಗಳು ಅವನ ಮುದ್ರೆಯೊತ್ತಿದ ಕಾಗದದಲ್ಲಿ ರಾಜದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ವಿಚಾರಣೆಯಿಲ್ಲದೆ ತಲೆ ಕಡಿಸಿದ. ಆಮೇಲೆ ರಾಜ್ಯ ಕುಸಿಯುತ್ತಾ ಹೋಗಿ ಐದು ಹೋಳಾಯಿತು. ವಿಜಯಪುರದ ಆದಿಲಶಾಹಿ ಅವುಗಳಲ್ಲೊಂದು, ಬೀದರ್‌ನ ಬರೀದಶಾಹಿ ಇನ್ನೊಂದು.

ಎದುರಿನಿಂದ ನೋಡಿದರೆ ಕಟ್ಟಡದ ಒಂದು ಪಾಲು ಇಲ್ಲವೇ ಇಲ್ಲ. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಮೊಘಲರ ಕಾಲದಲ್ಲಿ, 17ನೇ ಶತಮಾನದ ಕೊನೆಯ ಹೊತ್ತಿಗೆ, ಇಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಆಗ್ನೇಯ ಭಾಗ ಹಾರಿಹೋಯಿತು. ಓದಿನ ಮನೆಯನ್ನು ಮದ್ದಿನ ಮನೆ ಮಾಡಿದ ಫಲ. ಉಳಿದಿರುವ ಮಿನಾರಿನ ಮೇಲೆ ಅಂಕುಡೊಂಕು ಪಟ್ಟೆಯ ಹೆಂಚಿನ ಕೆಲಸ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ. ಗೋಡೆಯ ಮೇಲ್ಭಾಗದಲ್ಲಿ ಕುರಾನಿನ ಸಾಲುಗಳ ಪಟ್ಟಿಯಿದೆ. ಆ ಬರಹದ ಶೈಲಿಗೆ ಥುಲುತ್ ಎಂದು ಹೆಸರು, ಉದ್ದನೆಯ ದಂಡಗಳು ಒಂದರೊಳಗೊಂದು ಹೆಣೆದುಕೊಂಡಿರುವ ಬರಹ. ಓದಲು ಬಾರದಿದ್ದರೂ ಆ ಲಯವನ್ನು ಕಣ್ಣಿನಿಂದ ಹಿಂಬಾಲಿಸಬಹುದು.

ಒಳಗೆ ಹೋಗಿ ಹಿಂಬದಿಯ ವಿದ್ಯಾರ್ಥಿ ಕೋಣೆಗಳನ್ನೂ ನೋಡಿ, ಬಹಳಷ್ಟು ಜನ ಅಂಗಳದಿಂದಲೇ ಮರಳುತ್ತಾರೆ. ಹೆಂಚುಗಳನ್ನು ಮುಟ್ಟಬೇಡಿ. ಕೆಲವು ಬೆರಳು ತಾಗಿದರೂ ಉದುರುವ ಸ್ಥಿತಿಯಲ್ಲಿವೆ.

ತಿಂಡಿಗೆ ಮದರಸಾ ನೋಡಿದ ಮೇಲೆಯೇ ನಿಲ್ಲಿ. ಚೌಬಾರಾದ ಸುತ್ತ ಚಿಕ್ಕ ಹೋಟೆಲುಗಳಿವೆ.

ಹಂತ 4: ಕೋಟೆಗೆ ಪ್ರವೇಶ

ಮದರಸಾದಿಂದ ಕೋಟೆಯ ಕಡೆಗಿನ ದಾರಿಯಲ್ಲಿ ತಖ್ತ್-ಎ-ಕಿರ್ಮಾನಿ ಎಂಬ ಕಟ್ಟಡ ಸಿಗುತ್ತದೆ. ಇರಾನಿನ ಕಿರ್ಮಾನದಿಂದ ಬಂದ ಸಂತ ಖಲೀಲುಲ್ಲಾನ ಪೀಠ ಇಲ್ಲಿದೆ ಎಂಬ ನಂಬಿಕೆ. ಕಮಾನಿನ ಗಾರೆ ಕೆಲಸಕ್ಕಾಗಿ ಎರಡು ನಿಮಿಷ ನಿಂತು ಮುಂದೆ ನಡೆಯಿರಿ.

ಆಮೇಲೆ ಕಂದಕ ಕಾಣುತ್ತದೆ. ನೆಲದ ಜಂಬಿಟ್ಟಿಗೆಯನ್ನೇ ಕಡಿದು, ನಡುನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿ, ಒಂದರ ಪಕ್ಕ ಒಂದರಂತೆ ಮೂರು ಕಾಲುವೆ ಮಾಡಿದ್ದಾರೆ. ಒಂದನ್ನು ದಾಟಿದ ಶತ್ರು ಮತ್ತೆರಡನ್ನು ದಾಟಬೇಕು. ಪ್ರವೇಶದಲ್ಲಿ ಶರ್ಜಾ ದರವಾಜಾ. ಶರ್ಜಾ ಎಂದರೆ ಹುಲಿ. ಬಾಗಿಲ ಎರಡೂ ಬದಿಗೆ ಹುಲಿಯ ಉಬ್ಬುಶಿಲ್ಪವಿದೆ, ಶಾಸನದ ವರ್ಷ 1503. ಅದರ ಹಿಂದೆ ಗುಮ್ಮಟ ದರವಾಜಾ. ಅದರ ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲಿವೆ, ದಿಲ್ಲಿಯ ತುಘಲಕರ ಕಟ್ಟಡಗಳ ರೀತಿ. 1470ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಅರಮನೆಗೆ ಏಳು ಬಾಗಿಲುಗಳಿವೆ, ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು, ಒಳಗೆ ಹೋಗುವವರ ಹೊರಗೆ ಬರುವವರ ಹೆಸರು ಬರೆಯುವ ನೂರು ಬರಹಗಾರರು ಇದ್ದಾರೆ ಎಂದು ಬರೆದಿಟ್ಟ. ಫತೇ ದರವಾಜಾದಿಂದ ನಡೆದೇ ಬಂದವರಿಗೆ ಆ ಮಾತಿನ ತೂಕ ಇಲ್ಲಿ ತಿಳಿಯುತ್ತದೆ.

ಹಂತ 5: ಕೋಟೆಯೊಳಗೆ ಮೂರು ಗಂಟೆ

ಕೋಟೆ ಬಹಳ ದೊಡ್ಡದು. ಎಲ್ಲವನ್ನೂ ನೋಡುವ ಹಟ ಬೇಡ. ಈ ಕ್ರಮ ಅನುಸರಿಸಿ.

ಮೊದಲು ರಂಗೀನ್ ಮಹಲ್. ಗುಮ್ಮಟ ದರವಾಜಾದ ಹತ್ತಿರವೇ ಇದೆ, ಆದರೆ ಬೀಗ ಹಾಕಿರುತ್ತಾರೆ. ಬೀಗ ಕಂಡು ಮುಚ್ಚಿದೆ ಎಂದುಕೊಂಡು ಹೋಗಿಬಿಡುವುದು ಬೀದರ್‌ಗೆ ಬಂದವರು ಮಾಡುವ ಅತಿ ದೊಡ್ಡ ತಪ್ಪು. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು, ವಸ್ತುಸಂಗ್ರಹಾಲಯದ ಬಳಿ ಹೋಗಿ, ವಿನಯದಿಂದ ಕೇಳಿ. ತೆರೆದು ತೋರಿಸುತ್ತಾರೆ. 16ನೇ ಶತಮಾನದಲ್ಲಿ ಬರೀದಶಾಹಿ ಅರಸ ಅಲಿ ಬರೀದ್ ಇದನ್ನು ಈಗಿನ ರೂಪಕ್ಕೆ ತಂದ. ಮುಂದಿನ ಅಂಕಣದಲ್ಲಿ ಕೆತ್ತನೆಯ ಮರದ ಕಂಬಗಳು. ಒಳಗಿನ ಬಾಗಿಲ ಸುತ್ತ ಕಡುಗಪ್ಪು ಶಿಲೆಯಲ್ಲಿ ತೋಡಿ, ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಬಳ್ಳಿ, ಹೂವು, ಪಾರಸಿ ಕವಿತೆಯ ಸಾಲು ಬಿಡಿಸಿದ್ದಾರೆ. ಟಾರ್ಚನ್ನು ನೇರವಾಗಿ ಹಿಡಿಯದೆ ಬದಿಯಿಂದ ಓರೆಯಾಗಿ ಹಿಡಿದರೆ ಚಿಪ್ಪು ಬಣ್ಣ ಬದಲಿಸುತ್ತಾ ಹೊಳೆಯುತ್ತದೆ. ಮಧ್ಯಾಹ್ನ ಬಿದರಿ ಪಾತ್ರೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಪಾತ್ರೆ, ನೋಡುವಾಗ ಈ ಬಾಗಿಲನ್ನು ನೆನಪಿಸಿಕೊಳ್ಳಿ: ಕಪ್ಪಿನ ಮೇಲೆ ಬಿಳಿ ಕೂರಿಸುವ ಅದೇ ಮನಸ್ಸು.

ಎರಡನೆಯದು ಸೋಲಾ ಖಂಬಾ ಮಸೀದಿ. ಹದಿನಾರು ಕಂಬದ ಮಸೀದಿ ಎಂದು ಅರ್ಥ. ಒಳಗೆ ಕಂಬಗಳು ಅದಕ್ಕಿಂತ ಹೆಚ್ಚು, ಎಣಿಸಿ ಗೊಂದಲಕ್ಕೀಡಾಗಬೇಡಿ. ಹಿಂದೆ ಮುಂಭಾಗದಲ್ಲಿ ಹದಿನಾರು ಮಾತ್ರ ಕಾಣುತ್ತಿದ್ದುದರಿಂದ ಬಂದ ಹೆಸರು. ಸುಮಾರು 300 ಅಡಿ ಉದ್ದದ, ಅಲಂಕಾರವೇ ಇಲ್ಲದ, ದಪ್ಪ ದುಂಡು ಕಂಬಗಳ ಸಾಲು. ಶಾಸನದ ಪ್ರಕಾರ 1423–24ರದ್ದು, ಬೀದರ್‌ನ ಅತಿ ಹಳೆಯ ಮಸೀದಿಗಳಲ್ಲೊಂದು. ಇದರ ಮುಂದಿನ ತೋಟ ಲಾಲ್ ಬಾಗ್. ಪಕ್ಕದ ವಸ್ತುಸಂಗ್ರಹಾಲಯ ಮೊದಲು ಅರಮನೆಯ ಹಮಾಮು, ಅಂದರೆ ಸ್ನಾನಗೃಹವಾಗಿತ್ತು.

ತರ್ಕಶ್ ಮಹಲ್, ಗಗನ್ ಮಹಲ್‌ಗಳನ್ನು ಹೊರಗಿನಿಂದ ನೋಡಿದರೆ ಸಾಕು. ಸಮಯವನ್ನು ತಖ್ತ್ ಮಹಲ್‌ಗೆ ಉಳಿಸಿಕೊಳ್ಳಿ. ಸಿಂಹಾಸನದ ಅರಮನೆ ಇದು. ಕಮಾನಿನ ಮೂಲೆಯಲ್ಲಿ ಹುಲಿ ಮತ್ತು ಅದರ ಬೆನ್ನ ಹಿಂದೆ ಉದಯಿಸುವ ಸೂರ್ಯನ ಚಿತ್ರವನ್ನು ಹುಡುಕಿ. ಇರಾನಿನ ರಾಜಲಾಂಛನ ದಖನ್ನಿನ ಕೆಂಪು ಕಲ್ಲಿನ ಮೇಲೆ ಬಂದು ಕುಳಿತಿದೆ. ಅದರಾಚೆ ಕೋಟೆಯ ಉತ್ತರದ ಅಂಚು. ಪ್ರಸ್ಥಭೂಮಿ ಥಟ್ಟನೆ ಮುಗಿದು ಕೆಳಗೆ ಹಸಿರು ಬಯಲು ಹಬ್ಬಿದೆ. ಊರನ್ನು ಇಲ್ಲಿಯೇ ಏಕೆ ಕಟ್ಟಿದರು ಎಂಬುದಕ್ಕೆ ಬೇರೆ ವಿವರಣೆ ಬೇಕಾಗದು.

ಎಚ್ಚರಿಕೆಗಳು: ಅಂಚಿನ ಕೈಪಿಡಿಗೋಡೆಗಳನ್ನು ಹತ್ತಬೇಡಿ, ಜಂಬಿಟ್ಟಿಗೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಸವೆದಿರುತ್ತದೆ. ನೆಲಮಾಳಿಗೆಯ ಕತ್ತಲ ಕೋಣೆಗಳಿಗೆ ಒಬ್ಬರೇ ಇಳಿಯಬೇಡಿ. ಬಾವಲಿಗಳಿವೆ, ಹುಳಹುಪ್ಪಟೆಯ ಭಯವೂ ಇದೆ. ಕೋಟೆಯೊಳಗೆ ನೆರಳು ಕಡಿಮೆ, ನೀರನ್ನು ಮುಂಚೆಯೇ ತುಂಬಿಸಿಕೊಳ್ಳಿ.

ಹಂತ 6: ಬಿದರಿ ಕುಶಲಕರ್ಮಿಗಳ ಬಳಿ, ಮಧ್ಯಾಹ್ನ ಎರಡರ ಮೇಲೆ

ಬೆಳಿಗ್ಗೆ ಹೋಗುವಾಗ ಕಾರ್ಯಾಗಾರಗಳು ತೆರೆದಿರುವುದಿಲ್ಲ, ತೆರೆದಿದ್ದರೂ ಕೊಂಡದ್ದನ್ನು ದಿನವಿಡೀ ಹೊರಬೇಕು. ಆದ್ದರಿಂದ ಊಟ ಮುಗಿಸಿ ಬನ್ನಿ. ಶುಕ್ರವಾರವಾದರೆ ನಮಾಜಿನ ಹೊತ್ತು ಮುಗಿಯುವವರೆಗೆ ಕಾಯಿರಿ.

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಚಿತ್ತಾರ ತೋಡಿ, ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎನ್ನುತ್ತಾರೆ. ಕೊನೆಯದು ಬೀದರ್‌ನ ಗುಟ್ಟು: ಕೋಟೆಯ ಹಳೆಯ ಭಾಗಗಳ, ಬಿಸಿಲು ಮಳೆ ಕಾಣದ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜುತ್ತಾರೆ. ಸತುವೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ಹಿರಿಯ ಕುಶಲಕರ್ಮಿಗಳು ನಾಲಿಗೆಗೆ ಇಟ್ಟು ನೋಡುವ ರೂಢಿಯಿದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಭೌಗೋಳಿಕ ಗುರುತು ಎಂದರೆ ಆ ಊರಿನ ಹೆಸರನ್ನು ಬೇರೆಡೆಯ ಸರಕಿಗೆ ಬಳಸದಂತೆ ಕಾನೂನಿನ ರಕ್ಷಣೆ. ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ.

ಕೊಳ್ಳುವಾಗ ಬೆಳ್ಳಿಯ ಗೆರೆಯ ಮೇಲೆ ಬೆರಳಾಡಿಸಿ. ಕೂರಿಸಿದ ಬೆಳ್ಳಿ ಮೇಲ್ಮೈಗೆ ಸಮನಾಗಿರಬೇಕು. ಬಣ್ಣ ಬಳಿದದ್ದಾದರೆ ಉಬ್ಬು ತಿಳಿಯುತ್ತದೆ. ಕೈಯಲ್ಲಿ ಎತ್ತಿದಾಗ ತೂಕವೂ ಇರಬೇಕು. ಪಾತ್ರೆಯನ್ನು ಅಡುಗೆಗೆ, ಊಟಕ್ಕೆ ಬಳಸಬೇಡಿ, ಇದು ಅಲಂಕಾರಕ್ಕೆ. ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಬೆಲೆಯಲ್ಲಿ ಚೌಕಾಸಿ ಮಾಡುವ ಮುನ್ನ, ಅಂಗೈಯಗಲದ ಡಬ್ಬಿಯೊಂದನ್ನು ಅವರು ತೋಡುವುದನ್ನು ಹತ್ತು ನಿಮಿಷ ಕುಳಿತು ನೋಡಿ.

ಹಂತ 7: ಅಷ್ಟೂರು, ನಾಲ್ಕು ಗಂಟೆಯೊಳಗೆ

ಇಲ್ಲಿಗೆ ಮಾತ್ರ ಆಟೋ ಹಿಡಿಯಿರಿ. ಬಹಮನಿ ಸುಲ್ತಾನರ ಗೋರಿಗಳ ಸಾಲಿರುವ ಈ ಹಳ್ಳಿ ಊರಿನ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್. ಹೋಗಿಬರಲು, ಕಾಯಲು ಸೇರಿಸಿ ಮೊದಲೇ ದರ ಮಾತಾಡಿ. ಅಲ್ಲಿಂದ ಮರಳಲು ಬೇರೆ ವಾಹನ ಸುಲಭವಾಗಿ ಸಿಗದು.

ದಾರಿಯಲ್ಲಿ ಚೌಖಂಡಿ ಎಂಬ ಎಂಟು ಮೂಲೆಯ ಎತ್ತರದ ಕಟ್ಟಡವಿದೆ. ಬೆಳಿಗ್ಗೆ ನೀವು ಕಂಡ ಪೀಠದ ಸಂತ ಖಲೀಲುಲ್ಲಾನ ಗೋರಿ ಅದು. ಬಾಗಿಲ ಕಪ್ಪು ಕಲ್ಲಿನ ಮೇಲಿನ ಬರಹ ಬಲು ಸೊಗಸು. ಇದನ್ನು ಮರಳುವಾಗ ನೋಡಿ, ಮೊದಲು ಅಷ್ಟೂರಿಗೆ ಹೋಗಿ. ಕಾರಣ ಬೆಳಕು. ಅಹ್ಮದ್ ಶಾನ ಗೋರಿಯೊಳಗಿನ ಗೋಡೆ, ಗುಮ್ಮಟವೆಲ್ಲ ಕೆಂಪು, ನೀಲಿ, ಚಿನ್ನದ ಬಣ್ಣದ ಚಿತ್ತಾರ, ಆದರೆ ಒಳಗೆ ಕತ್ತಲು. ಅಲ್ಲಿ ನೋಡಿಕೊಳ್ಳುವವರು ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಗೆ ಹಾಯಿಸಿ ಒಂದೊಂದೇ ಭಾಗವನ್ನು ಬೆಳಗಿ ತೋರಿಸುವುದುಂಟು. ಬಿಸಿಲು ಇಳಿದ ಮೇಲೆ ಬಂದರೆ ಕನ್ನಡಿಗೆ ಕೆಲಸವಿಲ್ಲ.

ಈ ಸುಲ್ತಾನನನ್ನು ಮುಸಲ್ಮಾನರು ವಲಿ, ಅಂದರೆ ಸಂತ, ಎಂದು ಗೌರವಿಸುತ್ತಾರೆ. ಲಿಂಗಾಯತರು ಮತ್ತಿತರ ಹಿಂದೂಗಳು ಅಲ್ಲಮಪ್ರಭು ಎಂದು ನಮಿಸುತ್ತಾರೆ. ಹೋಳಿಯ ನಂತರ ನಡೆಯುವ ಇಲ್ಲಿನ ಉರುಸಿನ ದಿನವನ್ನು ಹಿಂದೂ ಪಂಚಾಂಗದಂತೆ ಎಣಿಸುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಬರುವ ಜಂಗಮರೇ ಅದರ ಮುಖ್ಯರು. ಆ ಸಮಯಕ್ಕೆ ಬರುವುದಾದರೆ ನೂಕುನುಗ್ಗಲಿರುತ್ತದೆ, ಗೋರಿಯ ಚಿತ್ತಾರ ನೋಡಲು ಅವಕಾಶ ಸಿಗುವುದು ಕಡಿಮೆ. ಜಾತ್ರೆ ಬೇಕೋ ಚಿತ್ರ ಬೇಕೋ ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಸಾಲಿನಲ್ಲಿ ಅರ್ಧ ಸೀಳಿದ ಗುಮ್ಮಟವೊಂದು ಕಾಣುತ್ತದೆ. ಅದು ಹುಮಾಯೂನನ ಗೋರಿ. ದಿಲ್ಲಿಯ ಮೊಘಲ ಅರಸ ಇವನಲ್ಲ, ಕ್ರೌರ್ಯಕ್ಕೆ ಹೆಸರಾದ ಬಹಮನಿ ಸುಲ್ತಾನ. 1882ರಲ್ಲಿ ಸಿಡಿಲು ಬಡಿದು ಗುಮ್ಮಟ ಹೋಳಾಯಿತು. ಬಿರುಕು ಬಿಟ್ಟ ಭಾಗದ ಕೆಳಗೆ ನಿಲ್ಲಬೇಡಿ, ಎದುರಿನಿಂದಲೇ ನೋಡಿ. ಅಲ್ಲಿ ನಿಂತರೆ ಗುಮ್ಮಟದ ಗೋಡೆ ಎಷ್ಟು ದಪ್ಪ, ಇಟ್ಟಿಗೆಯನ್ನು ಹೇಗೆ ಜೋಡಿಸಿದ್ದಾರೆ ಎಂಬುದೆಲ್ಲ ಹೋಳು ಮಾಡಿದ ಹಣ್ಣಿನಂತೆ ತೆರೆದು ಕಾಣುತ್ತದೆ.